ಎಡದಂಡೆ, ಬಲದಂಡೆ

ನಿಮ್ಮ ಮನೆ ನಿಂತಿರುವ ನೆಲದ ನಕ್ಷೆಯನ್ನು ನೀವು ಎಂದಾದರೂ ಕಣ್ಣಾರೆ ನೋಡಿದ್ದೀರಾ? ಇಲ್ಲವಾದರೆ, ಯಾವ ಧೈರ್ಯದ ಮೇಲೆ ಅದರ ಬಾಗಿಲಿಗೆ ಬೀಗ ಹಾಕಿಕೊಂಡು ನಿಶ್ಚಿಂತೆಯಿಂದ ಓಡಾಡುತ್ತೀರಿ?

ದರ್ಜಿ ಹೆಂಗಸೂ ನೋಡಿರಲಿಲ್ಲ. ಅವಳ ಮನೆ ತೊರೆಯ ನಟ್ಟನಡುವೆ ಇದೆ, ಗುರುವಾರದೊಳಗೆ ತೆರವು ಮಾಡಬೇಕು ಎಂಬ ನೋಟೀಸನ್ನು ಹಿಡಿದು ಅವಳು ಬೆಳಿಗ್ಗೆಯೇ ನಿವೃತ್ತ ನಕ್ಷೆಗಾರರ ಬಾಗಿಲಲ್ಲಿ ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು.

"ನಕ್ಷೆಯ ಮೂಲೆಯಲ್ಲಿ ನಿಮ್ಮ ರುಜು ಇದೆಯಂತೆ, ತಾತ. ಆ ತೊರೆ ಎಲ್ಲಿದೆ ಅಂತ ಒಂದು ಸಲ ತೋರಿಸಿಬಿಡಿ. ಹದಿನೆಂಟು ವರ್ಷದಿಂದ ಬೀದಿ ನಲ್ಲಿಯ ನೀರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ. ಮನೆಯೊಳಗೇ ತೊರೆ ಇದೆ ಅಂತ ಯಾರೂ ಒಂದು ಮಾತು ಹೇಳಲಿಲ್ಲ."

ನಕ್ಷೆಗಾರರಿಗೆ ನಗು ಬರಲಿಲ್ಲ. ನಲವತ್ತು ವರ್ಷ ಗೆರೆ ಎಳೆದ ಕೈ ಅವರದು. ಒಂದು ಗೆರೆಯೂ ತಪ್ಪಿಲ್ಲವೆಂಬ ಹೆಮ್ಮೆಯಲ್ಲೇ ತಲೆಗೂದಲು ಬೆಳ್ಳಗಾಗಿತ್ತು. ಅಂಗಿ ತೊಟ್ಟು ಅವಳೊಡನೆ ಹೊರಟರು.

ಕಚೇರಿಯಲ್ಲಿ ಅವರ ಕೈಕೆಳಗೆ ಪಳಗಿದವನೇ ಈಗ ಅಧಿಕಾರಿ. ಎದ್ದು ಕುರ್ಚಿ ಕೊಟ್ಟು, ನಕ್ಷೆಯನ್ನು ಮೇಜಿನ ಮೇಲೆ ಹರಡಿದ. ಹಾಳೆಯ ಸರಿಮಧ್ಯದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ನೀಲಿ ಗೆರೆ, ಕೊಂಕಿಲ್ಲ, ಬಾಗಿಲ್ಲ. ನಕ್ಷೆಗಾರರಿಗೆ ಹಳೆಯದು ನೆನಪಾಯಿತು. ಇದಕ್ಕೂ ಹಿಂದಿನ ಮೂಲ ಹಾಳೆಯನ್ನು ಎರಡಾಗಿ ಮಡಿಸಿ ಇಟ್ಟಿದ್ದರು. ಮಡಿಕೆಯಲ್ಲಿ ಧೂಳು ಕೂತು, ಮಬ್ಬು ಬೆಳಕಿನಲ್ಲಿ ಅದು ಗೆರೆಯಂತೆಯೇ ಕಾಣುತ್ತಿತ್ತು. ಅದರ ಮೇಲೆ ತೆಳುಹಾಳೆ ಹಾಸಿ ನಕಲು ತೆಗೆದವರು ಅವರೇ.

"ಇದು ತೊರೆಯಲ್ಲ ಕಣಯ್ಯಾ, ಹಾಳೆಯ ಮಡಿಕೆ," ಎಂದರು. "ನೀರು ಎಲ್ಲಾದರೂ ಹೀಗೆ ಅಳತೆಪಟ್ಟಿ ಇಟ್ಟ ಹಾಗೆ ಹರಿಯುತ್ತೇನು? ಮೂಲ ಹಾಳೆ ತೆಗೆಸು."

"ನಕಲು ಆದ ಮೇಲೆ ಅದನ್ನ ಸುಟ್ಟುಹಾಕಿದ್ದಾರೆ, ಗುರುಗಳೇ. ಸುಟ್ಟ ಕಾಗದಗಳ ಪಟ್ಟಿಯ ಕೆಳಗೂ ನಿಮ್ಮದೇ ರುಜು."

ಅಧಿಕಾರಿ ನಗರ ಪರಿಚಯದ ದಪ್ಪ ಪುಸ್ತಕವನ್ನು ತೆರೆದು ಅವರ ಮುಂದಿಟ್ಟ. ಭೂಗೋಳದ ಅಧ್ಯಾಯದಲ್ಲಿ ತೊರೆಯು ನಗರವನ್ನು ಎರಡಾಗಿ ಸೀಳಿತ್ತು. ಆರ್ಥಿಕತೆಯ ಅಧ್ಯಾಯದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಸುಬು ಅದರ ನೀರಿನಿಂದಲೇ ಏಳಿಗೆ ಕಂಡಿತ್ತು. ಸಂಸ್ಕೃತಿಯ ಅಧ್ಯಾಯವಂತೂ ಎಡದಂಡೆಯವರ ಮಾತು ಮೃದು, ಬಲದಂಡೆಯವರದು ಒರಟು ಎಂದು ಮೂರು ಪುಟ ವಿವರಿಸಿತ್ತು. ಅದನ್ನು ಬರೆದ ಮಹಾನುಭಾವರಲ್ಲಿ ಒಬ್ಬರಾದರೂ ಯಾವ ದಂಡೆಯಲ್ಲೂ ಹೋಗಿ ನಿಂತವರಲ್ಲ.

"ಮಕ್ಕಳು ಇದನ್ನ ಬಾಯಿಪಾಠ ಮಾಡಿ ಪಾಸಾಗಿದ್ದಾರೆ, ಗುರುಗಳೇ," ಎಂದ ಅಧಿಕಾರಿ, ಬಲು ವಿನಯದಿಂದ. "ಆದರೂ ತೊರೆ ಇಲ್ಲ ಅಂತ ಮೂರು ಜನ ಬರೆದು ರುಜು ಹಾಕಲಿ, ನೋಟೀಸು ವಾಪಸ್ ತಗೋತೀನಿ. ಈ ಅಕ್ಕನವರ ರುಜು ಮಾತ್ರ ನಡೆಯೋದಿಲ್ಲ, ಮನೆ ಅವರದೇ ಅಲ್ಲವೇ."

ಮೂರು ಜನ ಯಾವ ದೊಡ್ಡ ಮಾತು ಎಂದುಕೊಂಡು ಇಬ್ಬರೂ ಅವಳ ಬೀದಿಗೆ ಬಂದರು. ಕ್ಷೌರಿಕ ಕತ್ತರಿ ನಿಲ್ಲಿಸದೆಯೇ ಉತ್ತರ ಕೊಟ್ಟ.

"ತೊರೆ ಇಲ್ಲವೇ? ನಮ್ಮಪ್ಪ ಈಜು ಕಲಿತದ್ದೇ ಅದರಲ್ಲಿ, ಸ್ವಾಮಿ."

"ನೀನು ನೋಡಿದ್ದೀಯೇನಪ್ಪಾ?"

"ನಾನು ಹುಟ್ಟೋ ಹೊತ್ತಿಗೆ ಬತ್ತಿಹೋಗಿತ್ತು. ಹಾಗಂತ ಸತ್ತ ಅಪ್ಪನ್ನ ಸುಳ್ಳುಗಾರ ಮಾಡಲೇ?"

ಬಣ್ಣದಂಗಡಿಯ ಯಜಮಾನಿ ಕಾಗದವನ್ನು ಮುಟ್ಟಲೇ ಇಲ್ಲ. "ನಾವು ಎಡದಂಡೆಯವರು. ತೊರೆಯೇ ಇಲ್ಲ ಅಂತ ಬರೆದುಕೊಟ್ಟು, ನಾಳೆಯಿಂದ ಎಲ್ಲಿಯವರು ಅಂತ ಹೇಳ್ಕೊಳ್ಳೋದು?" ಎಂದಳು, ಮೃದುವಾಗಿಯೇ.

ನಕ್ಷೆಗಾರರಿಗೆ ಅನುಮಾನ ಹತ್ತಿತು. ಇಷ್ಟು ಜನರ ನೆನಪಿನಲ್ಲಿರುವ ತೊರೆ ತಮ್ಮ ಕಣ್ತಪ್ಪಿನಿಂದ ಹುಟ್ಟಿರಬಹುದೇ? ಅಥವಾ ಆ ಮಡಿಕೆಯಲ್ಲಿ ನಿಜವಾದ ನೀಲಿ ಗೆರೆಯೇ ಇದ್ದು, ಈಗ ಮುಪ್ಪು ತಮಗೆ ಮೋಸ ಮಾಡುತ್ತಿದೆಯೇ? ಬೀದಿಯ ನಡುವೆ ಕುಕ್ಕರುಗಾಲಲ್ಲಿ ಕೂತು ನೆಲ ಮುಟ್ಟಿ ನೋಡಿದರು. ಒಣಗಿತ್ತು. ಬೇಸಗೆಯಲ್ಲವೇ, ತೊರೆಯಾದರೂ ಒಣಗಿಯೇ ಇರುತ್ತದೆ ಎನ್ನಿಸಿತು.

"ತಾತ," ದರ್ಜಿ ಹೆಂಗಸು ಮೆಲ್ಲಗೆ ಹೇಳಿದಳು, "ಮಳೆಗಾಲದಲ್ಲಿ ನಮ್ಮ ಹಿಂದಿನ ಗೋಡೆ ಸ್ವಲ್ಪ ಒದ್ದೆಯಾಗುತ್ತೆ. ಅದೇ ಏನು ಮತ್ತೆ?"

"ಎಲ್ಲರ ಗೋಡೆಯೂ ಒದ್ದೆಯಾಗುತ್ತಮ್ಮಾ," ಎಂದರು, ದನಿಯಲ್ಲಿ ಕಸುವಿರಲಿಲ್ಲ. ಆದರೂ ಅವಳ ಹೊಲಿಗೆ ಯಂತ್ರದ ಮೇಲೆ ಕಾಗದವಿಟ್ಟು, ತಾವೆಳೆದ ಗೆರೆ ತಪ್ಪೆಂದು ಬರೆದು, ರುಜು ಹಾಕಿದರು. ಮಾಡಿದ್ದು ಸರಿಯೋ ತಪ್ಪೋ ಅವರಿಗೆ ಈಗಲೂ ತಿಳಿದಿಲ್ಲ.

ಇನ್ನೆರಡು ರುಜು ಬೇಕು. ಉಳಿದಿರುವುದು ಮೂರು ದಿನ. ಓದುಗರೇ, ನೀವು ಆ ಬೀದಿಯನ್ನು ಎಂದಾದರೂ ಈಚೆಯಿಂದ ಆಚೆಗೆ ಕಾಲು ನೆನೆಯದೆ ದಾಟಿದ್ದರೆ, ದಯವಿಟ್ಟು ಬಂದು ಅಷ್ಟನ್ನು ಮಾತ್ರ ಬರೆದುಕೊಡಿ.