ಕೆಂಪು ಗೆರೆ

ರಾತ್ರಿ ಲೋಟದಲ್ಲಿ ಚಮಚ ಆಡುವ ಸದ್ದು ಕೇಳಿ ಅತ್ತೆ ಅಡುಗೆಮನೆಗೆ ಬಂದರು. ಹೊಟ್ಟೆನೋವೆಂದು ಎದ್ದು ಕೂತ ಮಗಳಿಗಾಗಿ ಸೊಸೆ ಬಾರ್ಲಿ ನೀರು ಆರಿಸುತ್ತಿದ್ದಳು.

"ಈ ಸೀಲಿಯಾಕ್ ಕಾಯಿಲೆಗೆ ಮಾತ್ರೆ ಇಲ್ಲ, ಪಥ್ಯವೇ ಮದ್ದು ಅಂದಿದ್ದಾರೆ ಡಾಕ್ಟ್ರು. ನೀವು ಕದ್ದು ಅವಳಿಗೆ ಗೋಧಿ ಬಿಸ್ಕತ್ತು ಕೊಟ್ರೆ ವಾಸಿಯಾಗೋದು ಹೇಗೆ?"

"ಕೊಟ್ಟಿಲ್ಲ ಕಣೇ," ಎಂದ ಅತ್ತೆ ಕನ್ನಡಕ ಹಾಕಿಕೊಂಡು, ಫ್ರಿಜ್ಜಿಗೆ ಅಂಟಿಸಿದ್ದ ಪಥ್ಯದ ಪಟ್ಟಿಯನ್ನು ಮೊದಲ ಸಲ ಪೂರ್ತಿ ಓದಿದರು. ಕೊಡಬಾರದ್ದು: ಗೋಧಿ, ರೈ ಧಾನ್ಯ, ಬಾರ್ಲಿ. ಸೊಸೆ ಗೋಧಿಯ ಕೆಳಗೆ ಮಾತ್ರ ಕೆಂಪು ಗೆರೆ ಎಳೆದಿದ್ದಳು. ಅತ್ತೆ ಮೂರನೆಯ ಹೆಸರಿನ ಮೇಲೆ ಬೆರಳಿಟ್ಟರು.

ಚಮಚ ನಿಂತಿತು. "ತಿಂಗಳಿಂದ ನಾನೇ ಕುಡಿಸ್ತಿದ್ದೀನಿ," ಎಂದಳು ಸೊಸೆ.

ಅತ್ತೆ ಲೋಟವನ್ನು ಸಿಂಕಿಗೆ ಬಗ್ಗಿಸಿದರು.

"ಏನಮ್ಮ ಅದು ಗಲಾಟೆ?" ಒಳಗಿನಿಂದ ಮಗ ಕೇಳಿದ.

"ಏನಿಲ್ಲ ಕಣೋ. ಇನ್ಮೇಲೆ ಬಿಸ್ಕತ್ತು ಕೊಡಲ್ಲ ಅಂತ ಒಪ್ಕೊಂಡೆ."