ಹಿಂದೆ ಬಿದ್ದ ಗಡಿಯಾರ

2023ರ ಜೂನ್ 14, ಬೆಳಿಗ್ಗೆ 9 ಗಂಟೆ 40 ನಿಮಿಷ. ಅವಳು ಆಪರೇಷನ್ ಟೇಬಲ್ ಮೇಲೆ ಮಲಗಿದ್ದಳು. ಅರಿವಳಿಕೆಯ ಪಂಪನ್ನು ಶುರು ಮಾಡಿದ ಟೆಕ್ನಿಷಿಯನ್ ಮತ್ತೆ ಮತ್ತೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದ.

“ಏನಾಯ್ತಪ್ಪಾ?”

“ಹೊತ್ತಿಗೆ ಸರಿಯಾಗಿ ಮದ್ದು ಬಿಡೋ ಪಂಪು ಮೇಡಂ, ಇದರ ಗಡಿಯಾರವೇ ಹಿಂದೆ ಬೀಳುತ್ತೆ. ಇಂಟರ್ನೆಟ್ಟಿಂದ ಸಮಯ ಹೊಂದಿಸೋ ತಂತ್ರಾಂಶದ ತಪ್ಪು. ಊರಿಗೆಲ್ಲ ಬಿಟ್ಟಿ ಸಿಗೋದು, ನೋಡಿಕೊಳ್ಳೋರು ಒಬ್ಬರೇ. ಅವರಿಗೆ ದೂರು ಬರೆದಿದ್ದೆ.”

“ಮದ್ದು ತಡವಾದ್ರೆ ನನಗೆ ನಡುವೆ ಎಚ್ಚರ ಆಗಲ್ವಾ?”

ಅವನು ನಕ್ಕ. “ಹೆದರಬೇಡಿ. ‘ಗಡಿಯಾರ ಸ್ವಲ್ಪ ಹಿಂದೆ ಬಿದ್ದರೆ ಯಾರೂ ಸಾಯೋದಿಲ್ಲ’ ಅಂತ ಅವರೇ ಉತ್ತರ ಕೊಟ್ಟು ದೂರು ಮುಚ್ಚಿದ್ದಾರೆ.”

ಆ ಉತ್ತರ ಬರೆದವಳು ತಾನೇ ಎಂದು ಹೇಳಹೋದಳು, ನಿಲ್ಲಿಸಿ ಎನ್ನಹೋದಳು. ನಾಲಿಗೆ ಆಗಲೇ ಮರಗಟ್ಟಿತ್ತು. ಗೋಡೆಯ ಗಡಿಯಾರಕ್ಕಿಂತ ಪಂಪು ಹನ್ನೊಂದು ನಿಮಿಷ ಹಿಂದಿತ್ತು.