ಒತ್ತೆಗೆ ಇಟ್ಟ ಮುಖ

"ಇದು ನೀವೇ ತಾನೆ?"

ಹುಡುಗಿ ತನ್ನ ಫೋನನ್ನು ಜರಿ ಕಸೂತಿಯ ಬಟ್ಟೆಯ ಮೇಲೆಯೇ ಇಟ್ಟಳು. ಬೆನೆಡಿಕ್ಟಾ ಸೂಜಿಯನ್ನು ದಿಂಬಿಗೆ ಚುಚ್ಚಿ, ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಪರದೆಯ ಮೇಲೆ ಅವಳ ಗುರುತಿನ ಕಾರ್ಡು. ಅವಳದೇ ಮುಖ, ಅವಳದೇ ಸಹಿ, ಅವಳದೇ ಕಾರ್ಡಿನ ನಂಬರು. ಕಾರ್ಡು ಹಿಡಿದ ಹೆಬ್ಬೆರಳಿನ ಸೀಳಿದ ಉಗುರು ಕೂಡ ಅವಳದೇ.

"ನಾನೇ. ಯಾಕೆ ಮಗಳೇ?"

"ಯಾಕೆ ಅಂತ ಕೇಳ್ತೀರಲ್ಲ! ನನ್ನ ಕುಣಿತದ ವೇಷ ಎಲ್ಲಿ? ಬಾಡಿಗೆ ದುಡ್ಡು ಹಾಕಿ ತಿಂಗಳಾಯ್ತು. ಹಾಕಿದ ದಿನ ಥ್ಯಾಂಕ್ಸ್ ಅಂತ ಹೂವಿನ ಚಿತ್ರ ಕಳಿಸಿದ್ರಿ, ಆಮೇಲೆ ಸುದ್ದಿನೇ ಇಲ್ಲ. ಗಡಿಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದೀನಿ. ಕಾರ್ನಿವಲ್‌ಗೆ ಒಂಬತ್ತೇ ದಿನ ಇರೋದು!"

ಹುಡುಗಿಯ ಹೆಸರು ನೆಲ್ವಾ. ಕಾಯಿಲೆ ಬಿದ್ದ ತಮ್ಮ ಆಸ್ಪತ್ರೆಯಿಂದ ಎದ್ದು ಬಂದರೆ ಮೂರು ವರ್ಷ ಕಾರ್ನಿವಲ್‌ನಲ್ಲಿ ಸೊಕವೋನ್ ಮಾತೆಯ ಇಗರ್ಜಿಯ ಮುಂದೆ ಕುಣಿಯುತ್ತೇನೆಂದು ಹರಕೆ ಹೊತ್ತವಳು, ಇದು ಮೂರನೆಯ ವರ್ಷ. ಅವಳನ್ನು ಬೆನೆಡಿಕ್ಟಾ ಜನ್ಮದಲ್ಲಿ ನೋಡಿರಲಿಲ್ಲ. ಹುಡುಗಿಯ ಏರಿದ ದನಿ ಕೇಳಿ ಎದುರಂಗಡಿಯವಳು ಬಾಗಿಲಿಗೆ ಬಂದು ನಿಂತಳು. ಇಪ್ಪತ್ತಾರು ವರ್ಷದಿಂದ ಈ ಬೀದಿಯಲ್ಲಿ ಬೆನೆಡಿಕ್ಟಾಳ ಹೆಸರಿಗೆ ಒಂದು ಚುಕ್ಕೆ ಬಿದ್ದಿರಲಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟುತ್ತದೆ.

"ಇದು ನನ್ನ ಕಾರ್ಡೇ ಹೌದು, ಆದರೆ ಇದನ್ನ ಕಳಿಸಿರೋ ಫೋನ್ ನಂಬರು ನಂದಲ್ಲ. ನಿನ್ನ ಹತ್ರ ಮಾತಾಡಿದ್ದು ನಾನಲ್ಲ ತಾಯಿ."

"ಕಾರ್ಡು ನಿಮ್ಮದು, ಮಾತಾಡಿದ್ದು ಮಾತ್ರ ಇನ್ಯಾರೋ! ಚೆನ್ನಾಗಿದೆ."

ಒಳಗೆ ಮುಖವಾಡಕ್ಕೆ ಬಣ್ಣ ಬಳಿಯುತ್ತಿದ್ದ ಗಂಡ ಫ್ರೊಯ್ಲಾನ್ ಕುಂಚ ಹಿಡಿದೇ ಹೊರಗೆ ಬಂದ. ಫೋನು ನೋಡಿ ಅವನ ಮುಖ ಇಳಿಯಿತು. "ಇದು ನಾನು ತೆಗೆದ ಫೋಟೋ ಕಣೆ. ನವೆಂಬರ್‌ನಲ್ಲಿ. ಆ ಸಾಂತಾ ಕ್ರೂಸಿನ ಗಿರಾಕಿಗೆ."

ಬೆನೆಡಿಕ್ಟಾಳಿಗೂ ಆಗಲೇ ನೆನಪಾಗಿತ್ತು. ಈ ಒರೂರೊ ಊರಿನಲ್ಲಿ ಕುಣಿತದ ವೇಷ ಬಾಡಿಗೆಗೆ ಕೊಡುವ ರೀತಿ ಒಂದೇ: ವೇಷ ಹೊರಗೆ ಹೋದರೆ ಕುಣಿಯುವವರ ಗುರುತಿನ ಕಾರ್ಡು ಅಂಗಡಿಯಲ್ಲಿ ಉಳಿಯಬೇಕು. ಅವಳ ಗಲ್ಲಾದ ಪಕ್ಕ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ಇತ್ತು. ಈಗಲೂ ಅದರೊಳಗೆ ಮೂವತ್ತು ಮುಖಗಳು ಒಂದರ ಮೇಲೊಂದು ಮಲಗಿದ್ದವು. ಇಷ್ಟು ವರ್ಷದಲ್ಲಿ ಒಂದು ಕಾರ್ಡೂ ಕಳೆದದ್ದಿಲ್ಲ. ಸಾಂತಾ ಕ್ರೂಸಿನಿಂದ ಬರೆದವನು ಈ ರೀತಿಯನ್ನೇ ಹಿಡಿದು ಕೇಳಿದ್ದ. 'ಅಮ್ಮಾ, ನೀವು ನಮ್ಮ ಕಾರ್ಡು ಇಟ್ಟುಕೊಳ್ಳುತ್ತೀರಿ. ನಾವು ದೂರದಿಂದ ಮುಂಗಡ ಕಳಿಸುವವರು, ನಿಮ್ಮದನ್ನು ಒಮ್ಮೆ ನಾವು ನೋಡಬಾರದೇ?' ಮಾತು ನ್ಯಾಯವಾಗಿ ಕಂಡಿತು. ಡಬ್ಬಿಯ ಕಡೆ ನೋಡಿದಾಗ ಇಲ್ಲವೆನ್ನಲು ಅವಳಿಗೆ ನಾಚಿಕೆಯಾಗಿತ್ತು. ಕಾರ್ಡಿನ ಎರಡೂ ಬದಿಯ ಫೋಟೋ ಕಳಿಸಿದಳು. ಮುಂಗಡವೂ ಬರಲಿಲ್ಲ, ಗಿರಾಕಿಯೂ ಬರಲಿಲ್ಲ. ಕಾರ್ನಿವಲ್ ಕೆಲಸದ ಗಡಿಬಿಡಿಯಲ್ಲಿ ಅವಳು ಅದನ್ನು ಮರೆತೇಬಿಟ್ಟಿದ್ದಳು.

"ಕಾರ್ಡಿನ ನಂಬರಿನ ಮೇಲೆ ಬೆರಳಿಡು ಅಂದೆ. ಇಲ್ಲಾ, 'ಇಂಥವನಿಗೆ, ಬರೀ ವೇಷದ ಬಾಡಿಗೆಗೆ' ಅಂತ ಅಡ್ಡಡ್ಡ ಬರೆದು ಕಳಿಸು ಅಂದೆ," ಎಂದ ಫ್ರೊಯ್ಲಾನ್.

"ಗೀಚಿದ್ರೆ ಅಸಹ್ಯವಾಗಿ ಕಾಣತ್ತೆ ಅಂದವಳು ನಾನೇ. ಈಗ ಚುಚ್ಚಬೇಡಿ." ಅವಳು ಮತ್ತೆ ಪರದೆಯನ್ನು ನೋಡಿದಳು. ಹೆಬ್ಬೆರಳು ಎರಡು ಅಂಗುಲ ಈಚೆ ಬಂದಿದ್ದರೆ ನಂಬರು ಮುಚ್ಚಿಹೋಗುತ್ತಿತ್ತು. ಈ ಮುಖ ತೋರಿಸಿ ಆ ಕಳ್ಳ ಇನ್ನೆಷ್ಟು ಜನರಿಗೆ ಹೂವಿನ ಚಿತ್ರ ಕಳಿಸಿದ್ದಾನೋ? ಅವರಲ್ಲಿ ಎಷ್ಟು ಜನ ಇವತ್ತು ಬಸ್ಸು ಹತ್ತಿದ್ದಾರೋ?

"ಹಾಗಾದ್ರೆ ನನ್ನ ಹರಕೆ?" ನೆಲ್ವಾಳ ಸಿಟ್ಟು ಇಳಿದು, ಅಳು ಬಂದಿತ್ತು.

ಬೆನೆಡಿಕ್ಟಾ ಒಳಗೆ ಹೋದಳು. ಈ ವರ್ಷ ತಾನೇ ಕುಣಿಯಬೇಕೆಂದು ಹೊಲಿದಿಟ್ಟಿದ್ದ ನೀಲಿ ಲಂಗ, ಮುತ್ತಿನ ಅಂಚಿನ ಶಾಲು, ಟೋಪಿ, ಎಲ್ಲವನ್ನೂ ತಂದು ಮೇಜಿನ ಮೇಲೆ ಇಟ್ಟಳು. "ಸೊಂಟ ಸ್ವಲ್ಪ ಬಿಗಿ ಮಾಡಿದ್ರೆ ನಿನಗೆ ಆಗತ್ತೆ. ದುಡ್ಡು ಬೇಡ. ನನ್ನ ಹೆಸರಲ್ಲಿ ಮೋಸ ಹೋಗಿದೀಯ, ನನ್ನ ಹೆಸರಲ್ಲೇ ಕುಣಿ. ನಾಳೆ ಬೆಳಿಗ್ಗೆ ಪೊಲೀಸ್ ಠಾಣೆಗೆ ಮಾತ್ರ ನನ್ನ ಜೊತೆ ಬಾ."

ಎದುರಂಗಡಿಯವಳು ಬಾಗಿಲಿಂದ ಸರಿದಳು. ಬೆನೆಡಿಕ್ಟಾ ಮೊದಲ ಬಾರಿ ಸರಿಯಾಗಿ ಉಸಿರು ಬಿಟ್ಟಳು.

ನೆಲ್ವಾ ಕಣ್ಣೊರೆಸಿಕೊಂಡು, ಲಂಗದ ಅಂಚನ್ನು ಸವರಿ ನೋಡಿದಳು. ಆಮೇಲೆ ಚೀಲಕ್ಕೆ ಕೈಹಾಕಿ ತನ್ನ ಗುರುತಿನ ಕಾರ್ಡು ತೆಗೆದು ಮುಂದೆ ಚಾಚಿದಳು.

ಬೆನೆಡಿಕ್ಟಾ ತಗಡಿನ ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟಳು. "ಅದು ಬೇಡ ಮಗಳೇ. ಒಳಗಿಡು."

"ಇರಲಿ ಅಮ್ಮಾ, ರೀತಿ ಅಂದ್ಮೇಲೆ ರೀತಿ. ವೇಷ ತಗೊಂಡ್ರೆ ಕಾರ್ಡು ಕೊಡಬೇಕಲ್ವಾ? ಆ ಕಳ್ಳನಿಗೂ ಕೊಟ್ಟಿದ್ದೆ."

ಬೆನೆಡಿಕ್ಟಾ ಡಬ್ಬಿಯ ಮೇಲೆ ಇಟ್ಟ ಕೈಯನ್ನು ತೆಗೆಯಲಿಲ್ಲ. "ಏನು ಕೊಟ್ಟಿದ್ದೆ?"

"ಫೋಟೋ. ಎರಡೂ ಬದಿ. ಕೈಯಲ್ಲಿ ಹಿಡಿದು ಮುಖದ ಪಕ್ಕ ಇಟ್ಟು ಇನ್ನೊಂದು ಕಳಿಸಿ ಅಂದ, ಅದನ್ನೂ ಕಳಿಸ್ದೆ. ಯಾಕೆ? ಅದರಲ್ಲೇನು?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜರಿ ಬಟ್ಟೆಯ ಮೇಲಿದ್ದ ನೆಲ್ವಾಳ ಫೋನು ಗುರ್ರೆಂದು ಅದುರಿತು. ಫೇಸ್‌ಬುಕ್ಕಿನಲ್ಲಿ ಅವಳ ಹೆಸರು ಹುಡುಕಿ, ಕೋಚಬಂಬಾದ ಯಾರೋ ಹೆಂಗಸು ಅವಳದೇ ಚಿತ್ರ ಕಳಿಸಿದ್ದಳು: ಮುಖದ ಪಕ್ಕ ಕಾರ್ಡು ಹಿಡಿದು ನಗುತ್ತಿರುವ ನೆಲ್ವಾ. ಅದರ ಕೆಳಗೆ ಒಂದೇ ಸಾಲು ಇತ್ತು.

"ಇದು ನೀವೇ ತಾನೆ?"